ಮೆಣಸಿನಕಾಯಿ ಗೋದಾಮಿನ ಬ್ಯಾಲೆ ಶಾಲೆ

ಮಕ್ಕಳೇ, ಹೋದ ವಾರ ನಿಮ್ಮ ಬ್ಯಾಲೆ ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಗೋಡೆಗೆ ಮೂಗು ಹಚ್ಚಿ ಮೂಸಿ, "ಅಜ್ಜೀ, ಇಲ್ಲೆ ಒಗ್ಗರಣಿ ಯಾರ ಹಾಕ್ಯಾರ?" ಎಂದು ಕೇಳಿದಳು. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ, ಉತ್ತರ ಹೇಳಲಿಲ್ಲ. ನಾಲ್ಕು ಜನರ ಎದುರು ಮಾತು ಶುರು ಮಾಡಿದರೆ ನನ್ನ ಗಂಟಲು ಒಣಗುತ್ತದೆ, ಅದು ನಿಮಗೆ ಗೊತ್ತೇ ಇದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಆ ಗೋಡೆಗೆ ಆ ವಾಸನೆ ಎಲ್ಲಿಂದ ಬಂತು, ಆ ಶಾಲೆ ಅಲ್ಲಿಗೆ ಹೇಗೆ ಬಂತು, ಒಂದು ಯುಗಾದಿಯ ಹೊತ್ತಿಗೆ ಅದು ಅಲ್ಲಿಂದ ಹೋಗಿಯೇಬಿಡುವುದರಲ್ಲಿತ್ತು ಎನ್ನುವುದನ್ನು ನೀವು ತಿಳಿದಿರಬೇಕು. ನಾನು ಕುಪ್ಪೇಲೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ.

ಮೊದಲು ನಿಮ್ಮ ಅಜ್ಜನ ವಿಷಯ ಹೇಳಬೇಕು. ಅವರಿಗೆ ಬ್ಯಾಡಗಿ ಪೇಟೆಯಲ್ಲಿ ದಲಾಲಿ ಅಂಗಡಿ ಇತ್ತು. ರೈತರು ತಂದ ಮೆಣಸಿನಕಾಯಿಯನ್ನು ಖರೀದಿದಾರರಿಗೆ ಮಾರಿಸಿಕೊಡುವ ಕೆಲಸ. ಈಗ ಎಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆಗ ದರವನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರು ಎದುರುಬದುರು ಕೂತು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿಕೊಂಡು, ಅದರಡಿಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿಯುತ್ತಿದ್ದರು. ಎಷ್ಟು ಬೆರಳು ಹಿಡಿದರೋ ಅದು ದರದ ಲೆಕ್ಕ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತಿತ್ತು. ಒಪ್ಪಿಗೆ ಇಲ್ಲದಿದ್ದರೆ ಕೈ ಹಿಂದಕ್ಕೆ ಎಳೆದುಕೊಳ್ಳುವುದು, ಒಪ್ಪಿದರೆ ಅಂಗೈಗೆ ಅಂಗೈ ಒತ್ತುವುದು. ಒತ್ತಿದ ಮೇಲೆ ಯಾರು ಬಂದು ಎಷ್ಟು ಹೆಚ್ಚು ಕೊಡುತ್ತೇನೆ ಎಂದರೂ ಆ ಮಾಲು ಅವನಿಗಿಲ್ಲ. ಇನ್ನೂ ಒಂದು ರಿವಾಜಿತ್ತು. ಇಬ್ಬರ ಕೈ ವಲ್ಲಿಯ ಅಡಿಯಲ್ಲಿ ಇರುವಷ್ಟು ಹೊತ್ತು ಮೂರನೆಯವನು ನಡುವೆ ಬಾಯಿ ಹಾಕುವಂತಿಲ್ಲ. ಎಂಥ ದೊಡ್ಡ ವ್ಯಾಪಾರಿಯಾದರೂ ಸುಮ್ಮನೆ ನಿಲ್ಲಬೇಕು.

ನಾನು ಸೊಸೆಯಾಗಿ ಬಂದಾಗ ಮನೆ ತುಂಬ ಹಿರಿಯರು. ಅವರೆದುರು ಗಂಡನ ಜೊತೆ ಮಾತಾಡುವ ಪದ್ಧತಿ ಇರಲಿಲ್ಲ, ನನಗೆ ಧೈರ್ಯವೂ ಇರಲಿಲ್ಲ. ನಿಮ್ಮ ಅಜ್ಜ ಅದಕ್ಕೊಂದು ಉಪಾಯ ಹುಡುಕಿದರು. ಅಂಗಡಿಯಿಂದ ಬಂದು ನಾನು ನೀರಿನ ಚರಿಗೆ ಕೊಡುವಾಗ ನನ್ನ ಸೆರಗಿನ ತುದಿಯಡಿ ಬೆರಳು ಹಿಡಿಯುತ್ತಿದ್ದರು. ಅಷ್ಟು ಜನ ಊಟಕ್ಕೆ ಬರುತ್ತಾರೆ ಎಂದು ಅರ್ಥ. ಅನ್ನ ಸಾಲದಿದ್ದರೆ ನಾನು ಕೈ ಎಳೆದುಕೊಳ್ಳುತ್ತಿದ್ದೆ, ಸಾಕಾದರೆ ಅಂಗೈ ಒತ್ತುತ್ತಿದ್ದೆ. ಅತ್ತೆಯವರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? "ಒಂದ್ ಚರಿಗಿ ನೀರ ಕೊಡಾಕ ಅಷ್ಟೊತ್ತ್ಯಾಕಬೇ? ಬಾವ್ಯಾಗಿಂದ ಈಗ ಸೇದಿ ಕೊಡಾಕತ್ತೀಯೇನು?" ಎನ್ನುತ್ತಿದ್ದರು. ಹೀಗೆ ನಮ್ಮ ಸಂಸಾರದ ಅರ್ಧ ಮಾತು ಬೆರಳಿನಲ್ಲೇ ಆಯಿತು.

ಅಜ್ಜ ತೀರಿಕೊಳ್ಳುವ ಮುಂಚೆಯೇ ಊರ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ಬಂದಿದ್ದವು. ಮೆಣಸಿನಕಾಯಿಯ ಬಣ್ಣ ಉಳಿಯಬೇಕೆಂದು ಎಲ್ಲರೂ ಚೀಲಗಳನ್ನು ಅಲ್ಲಿಗೇ ಕಳಿಸತೊಡಗಿದರು. ಸ್ಟೇಷನ್ ಕಡೆಯ ನಮ್ಮ ಗೋದಾಮು ಖಾಲಿ ಬಿತ್ತು. ಅದನ್ನು ಅವರು ನನ್ನ ಹೆಸರಿಗೆ ಮಾಡಿಟ್ಟಿದ್ದರು. ಆದರೆ ಕೀಲಿಕೈ, ವ್ಯವಹಾರ ಎಲ್ಲ ನನ್ನ ಮಗನ, ಅಂದರೆ ನಿಮ್ಮ ಅಪ್ಪನ ಕೈಯಲ್ಲಿತ್ತು. ನಾನು ಅದರ ಬಗ್ಗೆ ಎಂದೂ ಕೇಳಿದವಳಲ್ಲ.

ಅಜ್ಜನ ವರ್ಷದ ತಿಥಿಗೆ ಮುಂಬೈಯಿಂದ ನನ್ನ ತಂಗಿಯ ಮಗಳು ಬಂದಳು. ನೀವು ಈಗ ಟೀಚರ್ ಎಂದು ಕರೆಯುವವಳು ಅವಳೇ. ಚಿಕ್ಕವಳಿದ್ದಾಗಿನಿಂದ ಬ್ಯಾಲೆ ಕಲಿತು, ಅಲ್ಲಿನ ಒಂದು ತಂಡದಲ್ಲಿ ಬಹಳ ವರ್ಷ ಕುಣಿದು, ಆಮೇಲೆ ಮಕ್ಕಳಿಗೆ ಕಲಿಸುತ್ತಿದ್ದಳು. ಬ್ಯಾಲೆ ಎಂದರೆ ಏನು ಎಂದು ನನಗೆ ಆಗ ಗೊತ್ತಿರಲಿಲ್ಲ. ತುದಿಗಾಲ ಮೇಲೆ ನಿಲ್ಲುತ್ತಾರೆ ಎಂದಷ್ಟೇ ತಂಗಿ ಹೇಳಿದ್ದಳು. ಊಟಕ್ಕೆ ಹಾಸುವ ತಟ್ಟು ತರಲು ನಾವಿಬ್ಬರೂ ಗೋದಾಮಿಗೆ ಹೋದೆವು. ಅವಳು ಒಳಗೆ ಕಾಲಿಟ್ಟವಳೇ ಮೇಲೆ ನೋಡಿದಳು, ಸುತ್ತ ನೋಡಿದಳು, ಮತ್ತೆ ಮೇಲೆ ನೋಡಿದಳು.

"ದೊಡ್ಡವ್ವಾ, ಇಲ್ಲೆ ಒಂದೂ ಕಂಬ ಇಲ್ಲ!"

"ಚೀಲ ಥಪ್ಪಿ ಹಚ್ಚಾಕ ಅಡ್ಡ ಬರ್ತಾವಂತ ನಿಮ್ಮ ದೊಡ್ಡಪ್ಪ ಹಾಕಿಸಿರಲಿಲ್ಲವಾ" ಎಂದೆ, ಏನೋ ಕುಂದು ಹುಡುಕುತ್ತಿದ್ದಾಳೆ ಎಂದುಕೊಂಡು.

ಹೊರಗೆ ಹಮಾಲರ ಮಕ್ಕಳು ಪಕ್ಕದವರು ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿ ಹತ್ತಿ ಕೆಳಗೆ ಜಿಗಿಯುವ ಆಟ ಆಡುತ್ತಿದ್ದವು. ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಸಪ್ಪಳ ಕೇಳಿಸ್ತೇನು ನಿನಗ? ಅಷ್ಟ ಎತ್ತರದಿಂದ ಜಿಗದ್ರೂ ಸಪ್ಪಳನ ಇಲ್ಲ. ಇದನ್ನ ಕಲಸಾಕ ನನಗ ಮುಂಬೈದಾಗ ಎರಡ ವರ್ಷ ಹಿಡೀತದ" ಎಂದಳು.

ಇಲ್ಲೊಂದು ಬ್ಯಾಲೆ ಶಾಲೆ ತೆರೆಯುತ್ತೇನೆ, ಗೋದಾಮು ಕೊಡು ಎಂದು ಆ ಸಂಜೆಯೇ ಅವಳು ನಿಮ್ಮ ಅಪ್ಪನನ್ನು ಕೇಳಿದಳು. ಅವನು ನಕ್ಕ. "ಖಾಲಿ ಬಿದ್ದೈತಿ, ಇಲಿ ಕುಣ್ಯಾಕತ್ತಾವು. ಇಲಿ ಬದ್ಲಿ ನೀ ಕುಣಿ. ಆದ್ರ ತಂಗಿ, ನನಗ ಬೇಕಾದಾಗ ಬಿಡಬೇಕು, ನೋಡ್ ಮತ್ತ."

"ಹೂಂ ಅಣ್ಣಾ" ಎಂದಳು ಅವಳು. ಎಷ್ಟು ವರ್ಷಕ್ಕೆ ಎಂದು ಕೇಳದೆ, ಸಿಕ್ಕಿತಲ್ಲ ಎಂಬ ಖುಷಿಯಲ್ಲಿ.

ಮೂರು ಸಲ ಸುಣ್ಣ ಬಳಿದರೂ ಘಾಟು ಹೋಗಲಿಲ್ಲ. ಮುಂದೆ ಶಾಲೆ ಶುರುವಾದ ಮೊದಲ ತಿಂಗಳು ಪಾಠ ಹೇಗಿತ್ತೆಂದರೆ, ಟೀಚರ್ "ಪ್ಲಿಯೆ" ಎನ್ನುವಳು, ಮಕ್ಕಳು ಮೊಣಕಾಲು ಬಾಗಿಸುವವು, ಏಳುವಾಗ ಸಾಲಿನ ತುದಿಯಿಂದ ತುದಿಯವರೆಗೆ ಎಲ್ಲರೂ ಸೀನುವರು. ಹಮಾಲರು ಅದಕ್ಕೆ ಸೀನುವ ಶಾಲೆ ಎಂದು ಹೆಸರಿಟ್ಟರು. ಹಾವೇರಿಯಲ್ಲಿ ಮುಚ್ಚಿದ ಒಂದು ಸೀರೆ ಅಂಗಡಿಯ ದೊಡ್ಡ ಕನ್ನಡಿಗಳು ಬಂದವು. ನೆಲ ಹಾಕಲು ರಾಣೆಬೆನ್ನೂರಿನಿಂದ ಬಡಿಗೇರರು ಬಂದರು. ಸಿಮೆಂಟಿನ ಮೇಲೆ ಜಿಗಿದರೆ ಮಕ್ಕಳ ಮೊಣಕಾಲು ಕೆಡುತ್ತವೆ. ಅದಕ್ಕೆ ಕೆಳಗೆ ರಬ್ಬರು, ಅದರ ಮೇಲೆ ಅಡ್ಡ ಪಟ್ಟಿ, ಅದರ ಮೇಲೆ ಹಲಗೆ. ಬಡಿಗೇರರಿಗೆ ಸಮಾಧಾನವೇ ಇಲ್ಲ. "ಬಾಯಾರ, ಈ ಹಲಗಿ ಕುಣ್ಯಾಕತ್ತೇತ್ರಿ. ನಾಕ್ ಮೊಳಿ ಬಡದು ಬಿಗಿ ಮಾಡ್ಲ್ಯಾ?" "ಬ್ಯಾಡ್ರಿ, ಕುಣೀಲಿ ಅಂತನ ಹಾಕಿಸಾಕತ್ತೇನಿ." "ಊರಾಗ ಯಾರಿಗೂ ನನ್ನ ಹೆಸರ ಹೇಳಬ್ಯಾಡ್ರಿ ಮತ್ತ!"

ತಂದೆ-ತಾಯಿಗಳು ವಿಚಾರಿಸಲು ಬಂದರು. ಒಬ್ಬಾಕೆ, "ಸಾಲಿ ಗ್ಯಾದರಿಂಗಿಗೆ ಒಂದ್ ಡಾನ್ಸ್ ಕಲಸ್ರಿ, ಸಾಕು" ಎಂದಳು. ಟೀಚರ್ ಅವರನ್ನೆಲ್ಲ ತಟ್ಟಿನ ಮೇಲೆ ಕೂರಿಸಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಗ್ಯಾದರಿಂಗಿನ ಡಾನ್ಸ್ ಹದಿನೈದು ದಿನಕ್ಕ ಬರ್ತದ್ರಿ. ಇದಕ್ಕ ಏಳೆಂಟ ವರ್ಷ ಬೇಕು. ನಾ ಕಲಸೋದು ಆಟಕ್ಕಲ್ಲ. ಇಲ್ಲೆ ಕಲತವರು ಮುಂದ ಇದರಮ್ಯಾಲ ಹೊಟ್ಟಿ ತುಂಬಿಸ್ಕೋಬೇಕು, ದೊಡ್ಡ ತಂಡದಾಗ ಕುಣೀಬೇಕು, ಇಲ್ಲಾ ನನ್ನಂಗ ಕಲಸಬೇಕು. ದೊಡ್ಡ ಊರಾಗ ಹುಟ್ಟಿದವರಿಗಷ್ಟ ಇದು ಅಂತ ಯಾರ ಹೇಳ್ಯಾರ?" ಕರ್ಜಗಿಯ ಒಬ್ಬ ರೈತ ಮಗನನ್ನು ಬೈಕಿನ ಮೇಲೆ ಕರೆತಂದಿದ್ದ. "ಹುಡುಗರೂ ಕಲೀಬಹುದೇನ್ರಿ?" ಎಂದು ಕೇಳಿದ. "ಹುಡುಗಿನ್ನ ಎತ್ತಿ ಹಿಡಿಯಾವ್ರು ಯಾರ್ರಿ ಮತ್ತ?" ಎಂದಳು ಟೀಚರ್. "ಹಂಗಾರ ಇವ ಬರ್ತಾನ. ಹೊಟ್ಟಿನ ಚೀಲ ದಿನಾ ಎತ್ತತಾನ" ಎಂದ ಆತ. ಎಲ್ಲರೂ ನಕ್ಕರು, ಶಾಲೆ ಶುರುವಾಯಿತು.

ನಾನು ಮೊದಮೊದಲು ಬಾಗಿಲು ತೆಗೆಯಲು ಹೋಗುತ್ತಿದ್ದೆ, ಆಮೇಲೆ ಮೂಲೆಯಲ್ಲಿ ಕೂತು ಬೂಟಿಗೆ ರಿಬ್ಬನ್ ಹೊಲಿದುಕೊಡತೊಡಗಿದೆ. ದಬ್ಬಣದಿಂದ ಚೀಲದ ಬಾಯಿ ಹೊಲಿದ ಕೈಗೆ ಆ ಸಣ್ಣ ಸೂಜಿ ಒಗ್ಗಲು ಸ್ವಲ್ಪ ದಿನ ಹಿಡಿಯಿತು. ತುದಿಗಾಲ ಮೇಲೆ ನಿಲ್ಲುವ ಬೂಟಿನ ಮುಂಭಾಗ ಕಟ್ಟಿಗೆಯಂತೆ ಗಟ್ಟಿ. ಒಂದು ದಿನ ಟೀಚರ್ ಹೊಸ ಬೂಟನ್ನು ಮೆತ್ತಗಾಗಲೆಂದು ಬಾಗಿಲ ಸಂದಿಯಲ್ಲಿಟ್ಟು ಹಿಚುಕಿದಳು, ಆಮೇಲೆ ನೆಲಕ್ಕೆ ಬಡಿದಳು. ನಾನು ಗಾಬರಿಯಿಂದ "ಅಯ್ಯ, ಹೊಸಾದು!" ಎಂದು ಕೂಗಿಬಿಟ್ಟೆ. ಆ ಶಾಲೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಮಕ್ಕಳು ಆಮೇಲೆ ಬಹಳ ದಿನ ಹೊಸ ಬೂಟು ಕಂಡಾಗಲೆಲ್ಲ "ಅಯ್ಯ, ಹೊಸಾದು!" ಎನ್ನುತ್ತಿದ್ದವು.

ಮೊದಲ ತಂಡದ ಮಕ್ಕಳಲ್ಲಿ ಒಬ್ಬಳು, ಅಂದು ಚೀಲದ ಥಪ್ಪಿಯಿಂದ ಜಿಗಿಯುತ್ತಿದ್ದವರಲ್ಲಿ ಎಲ್ಲರಿಗಿಂತ ಎತ್ತರದಿಂದ ಜಿಗಿದವಳು. ಅವಳ ಅಪ್ಪ ನಮ್ಮ ಅಂಗಡಿಯ ಹಳೆಯ ಹಮಾಲ. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ. ಆತ ದಿನಾ ಕೆಲಸ ಮುಗಿಸಿ ಬಂದು ಬಾಗಿಲ ಹೊರಗೆ ಕೂತು ಮಗಳನ್ನು ಕಾಯುತ್ತಿದ್ದ. ಒಳಗೆ ಕರೆದರೆ, "ನನ್ನ ಅಂಗ್ಯಾಗ ಖಾರ ಅದರಿ ಅವ್ವಾರ, ಮತ್ತ ಎಲ್ಲಾರೂ ಸೀನತಾರ" ಎನ್ನುತ್ತಿದ್ದ. ಅವಳು ಬೆಳೆಯುತ್ತ ಬೆಳೆಯುತ್ತ ಟೀಚರ್‌ಗೆ ಸರಿಸಮನಾಗಿ ನಿಲ್ಲುವಂತಾದಳು. ಬರುವ ಬೇಸಿಗೆಗೆ ಮುಂಬೈಯ ತಂಡವೊಂದರ ಆಯ್ಕೆಗೆ ಅವಳನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು.

ಆಗಲೇ ನಿಮ್ಮ ಅಪ್ಪ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದ. "ಅವ್ವಾ, ರಾಣೆಬೆನ್ನೂರಿನ ಖಾರಪುಡಿ ಸಾವಕಾರ್ರು ನಮ್ಮ ಗೋದಾಮು ಕೇಳ್ಯಾರ. ಗಿರಣಿ ಹಾಕ್ತಾರಂತ. ಯುಗಾದಿಗೆ ಖಾಲಿ ಮಾಡಿಸಬೇಕು. ತಂಗೀಗೆ ನೀನ ಹೇಳ್ಬೇ, ನನಗ ಬಾಯಿ ಬರವಲ್ದು."

ಅವನ ಮೇಲೆ ತಪ್ಪು ಹೊರಿಸಬೇಡಿ. ದಲಾಲಿಯಲ್ಲಿ ಹಳೆಯ ಜೋರಿಲ್ಲ, ನಿಮ್ಮಿಬ್ಬರ ಓದು ಮುಂದಿದೆ. ಗಿರಣಿ ಬಂದರೆ ಅದರಲ್ಲಿ ಅವನಿಗೂ ಪಾಲುಗಾರಿಕೆ ಎಂದು ಮಾತಾಗಿತ್ತು. ನನ್ನ ಸುಮ್ಮನಿರುವಿಕೆಯನ್ನು ಅವನು ಎಂದಿನಂತೆ ಒಪ್ಪಿಗೆ ಎಂದೇ ತಿಳಿದ. ಟೀಚರ್‌ಗೆ ಸುದ್ದಿ ನನ್ನ ಮುಖದಿಂದಲೇ ತಿಳಿಯಿತು.

ಅವಳು ಬೇರೆ ಜಾಗ ಹುಡುಕಿ ಅಲೆದಳು. ನಾನೂ ಜೊತೆಗೆ ಹೋಗುತ್ತಿದ್ದೆ. ಹಾವೇರಿಯ ಕಲ್ಯಾಣಮಂಟಪದವರು ಮುಹೂರ್ತವಿಲ್ಲದ ದಿನ ಕೊಡುತ್ತೇವೆ ಎಂದರು, ಆದರೆ ಹಲಗೆಯ ನೆಲವನ್ನು ಹಾಸಿ, ಮತ್ತೆ ಕಿತ್ತು, ಮತ್ತೆ ಹಾಸುವುದು ಯಾರಿಂದ ಆಗುತ್ತದೆ? ರಾಣೆಬೆನ್ನೂರಿನಲ್ಲಿ ಒಂದು ಹಾಲ್ ಸಿಕ್ಕಿತು, ನಡುವೆ ಸಾಲಾಗಿ ಕಂಬಗಳು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ಬ್ಯಾಸಗೀಗೆ ಇನ್ನ ಮೂರ ತಿಂಗಳದ ದೊಡ್ಡವ್ವಾ. ಈ ನೆಲ ಇಲ್ಲಂದ್ರ ಆ ಹುಡುಗಿ ಕಾಲು ಉಳಿಯೂದಿಲ್ಲ. ಉಳಿದ ಮಕ್ಕಳು ಒಮ್ಮೆ ಬಿಟ್ರ ಮತ್ತ ಬರೂದಿಲ್ಲ. ನಾ ಅಣ್ಣಗ ಹೂಂ ಅಂದೇನಿ, ಈಗ ಇಲ್ಲ ಅನ್ನಾಕ ಬರೂದಿಲ್ಲ." ಬ್ಯಾಡಗಿ ಬರುವ ತನಕ ಅವಳ ಕೈ ನನ್ನ ಕೈಯಲ್ಲಿತ್ತು.

ಖಾಲಿ ಮಾಡುವ ಮುನ್ನ ಊರವರಿಗೆ ಒಂದು ಸಲ ಮಕ್ಕಳ ಬ್ಯಾಲೆ ತೋರಿಸಿಬಿಡೋಣ ಎಂದು ಅವಳು ನಿಶ್ಚಯಿಸಿದಳು. ಅಭ್ಯಾಸ ನಡೆಯುತ್ತಿದ್ದಾಗ ಮಕ್ಕಳಿಗೆ ಬ್ಯಾಲೆಯಲ್ಲಿನ ಕೈಮಾತು ಹೇಳಿಕೊಡುತ್ತಿದ್ದಳು. ಬ್ಯಾಲೆಯಲ್ಲಿ ಬಾಯಿ ಬಿಡುವಂತಿಲ್ಲವಲ್ಲ. ಎದೆಯ ಮೇಲೆ ಕೈ ಇಟ್ಟರೆ ಪ್ರೀತಿ, ಬೆರಳಿನ ಉಂಗುರದ ಜಾಗ ತೋರಿಸಿದರೆ ಮದುವೆ, ತಲೆಯ ಮೇಲೆ ಕೈ ಸುತ್ತಿಸಿದರೆ ಕುಣಿಯೋಣ ಬಾ. ಮೂಲೆಯಲ್ಲಿ ರಿಬ್ಬನ್ ಹೊಲಿಯುತ್ತಿದ್ದ ನಾನು ಯಾಕೋ ನಕ್ಕುಬಿಟ್ಟೆ.

"ಯಾಕ ದೊಡ್ಡವ್ವಾ?"

ಮಕ್ಕಳು ಸುತ್ತ ಬಂದವು. ಹೇಳಲು ನಾಚಿಕೆಯಾಯಿತು, ಅದಕ್ಕೆ ಮಾಡಿ ತೋರಿಸಿದೆ. ಹಮಾಲನ ಮಗಳ ಕೈಯನ್ನು ನನ್ನ ಸೆರಗಿನಡಿ ತೆಗೆದುಕೊಂಡು ಬೆರಳು ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ, ಕೊನೆಗೆ ಅಂಗೈ ಒತ್ತಿದೆ. ಕೈ ಚಾಚುವ ಮೊದಲು ನಿಮ್ಮ ಅಜ್ಜ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, ಮಳೆ ಬರುತ್ತದೋ ಇಲ್ಲವೋ ಎಂಬಂತೆ ಮೇಲೆ ನೋಡುತ್ತಿದ್ದರು. ಅದನ್ನೂ ಮಾಡಿ ತೋರಿಸಿದೆ. ಟೀಚರ್ ಅದನ್ನು ನನ್ನಿಂದ ಇನ್ನೊಮ್ಮೆ ಮಾಡಿಸಿ ನೋಡಿದಳು. ಮರುದಿನ ಹಳೆಯ ನೃತ್ಯ ಬಿಟ್ಟು ಮೆಣಸಿನಕಾಯಿ ಪೇಟೆಯ ಕಥೆ ಕಟ್ಟತೊಡಗಿದಳು.

ತೋರಿಸುವ ದಿನ ಸಂಜೆ ಗೋದಾಮು ತುಂಬಿತು. ಪೇಟೆಯ ಹಿರಿಯರು, ಹಮಾಲರು, ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳು, ಹಾವೇರಿಯಿಂದ ಬಂದ ತಾಯಂದಿರು. ನಿಮ್ಮ ಅಪ್ಪ ಖಾರಪುಡಿ ಸಾವಕಾರರನ್ನೂ ಕರೆತಂದಿದ್ದ. "ಎಷ್ಟ ಮಂದಿ ಹಿಡ್ಯಾಕತ್ತಾರ ನೋಡ್ರಿ. ಚೀಲ ಎಷ್ಟ ಹಿಡೀತಾವು ಲೆಕ್ಕ ಹಾಕ್ರಿ" ಎಂದು ಅವರಿಗೆ ಹೇಳುವುದು ನನಗೆ ಕೇಳಿಸಿತು.

ಕೆಂಪು ಬಟ್ಟೆ ತೊಟ್ಟ ಸಣ್ಣ ಮಕ್ಕಳು ಮೆಣಸಿನಕಾಯಿಗಳಾಗಿ ಬಂದು ನೆಲದ ಮೇಲೆ ಹರಡಿಕೊಂಡವು. ಹಮಾಲನ ಮಗಳು ದಲಾಲಿಯಾಗಿದ್ದಳು, ಕರ್ಜಗಿಯ ಹುಡುಗ ಖರೀದಿದಾರ. ಅವಳು ತುದಿಗಾಲ ಮೇಲೆ ನಡೆದು ಬಂದಳು, ನಿಂತಳು, ಅಂಗೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು, ಮೇಲೆ ನೋಡಿದಳು. ಹಿಂದಿನ ಸಾಲಿನಲ್ಲಿ ನಿಮ್ಮ ಅಜ್ಜನ ಕಾಲದ ಹಮಾಲರು ಯಾರೋ, "ಅರೇ! ಈ ಕೈ ನಮ್ಮ ಧಣೇರ್ದಲ್ಲೋ!" ಎಂದರು. ವಲ್ಲಿಯಡಿ ಕೈ ಸೇರಿದ್ದೇ ತಡ, ಇಡೀ ಪೇಟೆಯೇ ಎಚ್ಚೆತ್ತಿತು.

"ಕೈ ಎಳಕೋಬೇ ಯವ್ವಾ, ಅವ ಕಡಿಮಿ ಹಿಡದಾನ!"

"ನಿನಗ ಹ್ಯಾಂಗ ಕಂಡಿತಲೇ ವಲ್ಲಿ ಅಡಿ?"

"ಅವನ ಮಾರಿ ನೋಡ್, ಮಾರಿ! ಕಡಿಮಿ ಹಿಡದವನ ಮಾರಿ ಅದು!"

ಒಬ್ಬ ಮುದುಕ ಹಮಾಲ ತಡೆಯಲಾಗದೆ, ವಲ್ಲಿ ಹೊದಿಸುವುದು ಹಾಗಲ್ಲ ಎಂದು ತೋರಿಸಲು ಚಪ್ಪಲಿ ಕಾಲಲ್ಲೇ ಹಲಗೆಯ ಮೇಲೆ ಬಂದುಬಿಟ್ಟ. ಟೀಚರ್ "ಚಪ್ಪಲಿ! ಅಜ್ಜಾರ, ಚಪ್ಪಲಿ!" ಎಂದು ಓಡಿದಳು. ಮಕ್ಕಳು ಮಾತ್ರ ನಗಲಿಲ್ಲ, ಹೆಜ್ಜೆ ತಪ್ಪಲಿಲ್ಲ. ಕೊನೆಗೆ ಇಬ್ಬರೂ ಅಂಗೈ ಒತ್ತಿದರು, ಕರ್ಜಗಿಯ ಹುಡುಗ ಅವಳನ್ನು ಎತ್ತಿ ಹಿಡಿದ, ಅವಳು ಇಳಿದಾಗ ಸಪ್ಪಳವೇ ಆಗಲಿಲ್ಲ. ಅವಳ ಅಪ್ಪ ಆ ದಿನ ಅಂಗಿ ಬದಲಿಸಿ ಒಳಗೆ ಬಂದು ನಿಂತಿದ್ದ.

ಜನ ಕರಗಿದ ಮೇಲೆ ಸಾವಕಾರರು ನನ್ನ ಕಡೆ ಬಂದರು. ಅವರು ನಿಮ್ಮ ಅಜ್ಜನ ಜೊತೆ ವ್ಯಾಪಾರ ಮಾಡಿದವರು, ಹಳೆಯ ಕಾಲದ ಮನುಷ್ಯ. ನಿಮ್ಮ ಅಪ್ಪನೂ ಟೀಚರೂ ಪಕ್ಕದಲ್ಲೇ ಇದ್ದರು.

"ವೈನಿಯವರ, ನಿಮ್ಮ ಮಗ ಬಾಯಿಲೆ ಹೂಂ ಅಂದಾನ. ಆದ್ರ ಮಾಲಿನ ಧಣೇರು ನೀವು. ನೀವು ಏನಂತೀರಿ? ನೀವು ಹೂಂ ಅಂದ್ರ ಇಲ್ಲೆ ನಿಮ್ಮ ಮಗನ ಕೈ ಒತ್ತಿ ಹೋಗತೇನಿ."

ಎಲ್ಲರೂ ನನ್ನನ್ನೇ ನೋಡಿದರು. ಟೀಚರ್ ನೆಲದ ಕಡೆ ನೋಡುತ್ತಿದ್ದಳು, ಒಂದು ಹಲಗೆಯನ್ನು ಕಾಲಿನ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ನನ್ನ ಸುಮ್ಮನಿರುವಿಕೆಯನ್ನು ಸಾವಕಾರರೂ ಒಪ್ಪಿಗೆ ಎಂದೇ ತಿಳಿದು, ವಲ್ಲಿ ಹೆಗಲಿನಿಂದ ತೆಗೆದು ನಿಮ್ಮ ಅಪ್ಪನ ಕಡೆ ಕೈ ಚಾಚಲು ಹೊರಟರು.

ಅಷ್ಟರಲ್ಲಿ ನಾನು ನನ್ನ ಮಗನ ಕೈ ಹಿಡಿದು ನನ್ನ ಸೆರಗಿನಡಿಗೆ ಎಳೆದುಕೊಂಡೆ.

ಅವನು ಬೆಚ್ಚಿದ. ಚಿಕ್ಕವನಿದ್ದಾಗ ಅಪ್ಪನ ಜೊತೆ ಪೇಟೆಯಲ್ಲಿ ಕೂತು ಕಲಿತ ವಿದ್ಯೆ ಅದು, ಮರೆಯುವಂಥದ್ದಲ್ಲ. "ಸಾಲಿಗೆ... ವರ್ಷ" ಎಂದೆ. ಅಷ್ಟೇ ಮಾತು ಹೊರಗೆ ಬಂದದ್ದು. ಉಳಿದದ್ದನ್ನು ಬೆರಳಿನಲ್ಲಿ ಹೇಳಿದೆ. ಶಾಲೆ ಈ ಗೋದಾಮಿನಲ್ಲಿ ಎಷ್ಟು ವರ್ಷ ಇರಬೇಕು ಎಂಬ ಲೆಕ್ಕ. ಅವನು ಕಡಿಮೆ ಬೆರಳು ಹಿಡಿದ. ನಾನು ಕೈ ಅರ್ಧ ಹಿಂದೆಳೆದುಕೊಂಡೆ. ಅವನು ಬಿಡಲಿಲ್ಲ, ಒಂದು ಬೆರಳು ಹೆಚ್ಚಿಸಿದ. ನಾನು ಮತ್ತೆ ಮೊದಲಿನಷ್ಟೇ ಹಿಡಿದೆ. ಅವನ ಮುಖ ನೋಡಿದೆ, ವ್ಯಾಪಾರ ಮಾಡುವಾಗಿನ ಅವನಪ್ಪನ ಮುಖವೇ ಅದು. ಮೇಲೆ ತಗಡಿನ ಛಾವಣಿಯ ಕಡೆ ನೋಡಿದ.

ಸಾವಕಾರರ ಬಾಯಿ ತೆರೆಯಿತು, ಮುಚ್ಚಿತು. ಕೈಗಳು ಬಟ್ಟೆಯ ಅಡಿಯಲ್ಲಿದ್ದವಲ್ಲ. ಅವರು ವಲ್ಲಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಂತರು.

ನಿಮ್ಮ ಅಪ್ಪ ಅಂಗೈ ಒತ್ತಿದ.

ಮೊದಲು ನಕ್ಕವರು ಸಾವಕಾರರೇ. "ನೋಡ್ರಿ ಇದನ್ನ! ನನ್ನ ಕಣ್ಣ ಮುಂದನ ಮಾಲು ಮತ್ತೊಬ್ಬರಿಗೆ ಹೋತು! ವೈನಿಯವರ, ನಿಮ್ಮ ಯಜಮಾನ್ರು ನಿಮ್ಮನ್ನ ಪೇಟ್ಯಾಗ ಕುಂದ್ರಿಸಿದ್ರ ನಾವೆಲ್ಲಾ ಎಂದೋ ಅಂಗಡಿ ಮುಚ್ಚತಿದ್ವಿ." ಆಮೇಲೆ ನಿಮ್ಮ ಅಪ್ಪನ ಬೆನ್ನು ತಟ್ಟಿ, "ಕೋಲ್ಡ್ ಸ್ಟೋರೇಜ್ ಹಿಂದ ಒಂದ್ ಗೋದಾಮು ಐತಿ, ಕಂಬ ಇದ್ರೂ ಗಿರಣಿಗೇನ ಕುಣ್ಯಾದೈತಿ? ಅದನ್ನ ನೋಡೂಣು ಬಾ" ಎಂದು ಕರೆದುಕೊಂಡು ಹೋದರು. ಗಿರಣಿ ಅಲ್ಲೇ ಆಯಿತು, ನಿಮ್ಮ ಅಪ್ಪನ ಪಾಲೂ ಉಳಿಯಿತು. ಟೀಚರ್ ಮಾತ್ರ ಬಹಳ ಹೊತ್ತು ಹಲಗೆಯ ಮೇಲೆ ಕೂತೇ ಇದ್ದಳು. "ದೊಡ್ಡವ್ವಾ, ಎಷ್ಟ ವರ್ಷ?" ಎಂದು ಕೇಳಿದಳು. ನಾನು ಹೇಳಲಿಲ್ಲ. ವಲ್ಲಿಯಡಿಯ ಲೆಕ್ಕ ಹೊರಗೆ ಹೇಳುವ ರಿವಾಜಿಲ್ಲ. "ನೀ ಕಲಸವಾ" ಎಂದಷ್ಟೇ ಅಂದೆ.

ಆ ಬೇಸಿಗೆ ಹಮಾಲನ ಮಗಳು ಮುಂಬೈಗೆ ಹೋದಳು. ಮೊದಲ ಸಲ ಅವಳನ್ನು ತೆಗೆದುಕೊಳ್ಳಲಿಲ್ಲ. ಬಂದು ಇದೇ ನೆಲದ ಮೇಲೆ ಇನ್ನೊಂದು ವರ್ಷ ಬೆವರು ಸುರಿಸಿದಳು, ಮರುವರ್ಷ ತೆಗೆದುಕೊಂಡರು. ನೆಲ ಉಳಿಯದಿದ್ದರೆ ಆ ಎರಡನೆಯ ವರ್ಷವೇ ಅವಳಿಗೆ ಇರುತ್ತಿರಲಿಲ್ಲ. ಕರ್ಜಗಿಯ ಹುಡುಗ ಈಗ ಭಾನುವಾರ ಹಾವೇರಿಯ ಸಣ್ಣ ಮಕ್ಕಳಿಗೆ ಕಲಿಸುತ್ತಾನೆ, ಅವನು ನಿಮಗೂ ಗೊತ್ತು.

ಈ ಯುಗಾದಿಗೆ ನಮ್ಮ ಆ ಕರಾರಿನ ವರ್ಷಗಳು ಮುಗಿದವು. ಯಾರಿಗೂ ಗೊತ್ತಿಲ್ಲ, ನಿಮ್ಮ ಅಪ್ಪನಿಗೂ ನನಗೂ ಮಾತ್ರ ಗೊತ್ತು. ಬೆಳಿಗ್ಗೆ ಅವನು ನನಗೆ ಬೇವು-ಬೆಲ್ಲ ಕೊಡಲು ಬಂದ. ಕೊಟ್ಟ ಮೇಲೆ ಹೋಗಲಿಲ್ಲ. ನನ್ನ ಸೆರಗಿನ ತುದಿ ಎತ್ತಿ ತನ್ನ ಕೈ ತಾನೇ ಒಳಗಿಟ್ಟ. ಯಾವ ಬೆರಳನ್ನೂ ಹಿಡಿಯಲಿಲ್ಲ, ವರ್ಷದ ಲೆಕ್ಕವಿಲ್ಲದೆ ನೇರವಾಗಿ ಅಂಗೈ ಒತ್ತಿದ. ಅಡುಗೆಮನೆಯಿಂದ ನಿಮ್ಮ ಅವ್ವ, "ಬೇವು ಕೊಡಾಕ ಅಷ್ಟೊತ್ತ್ಯಾಕ್ರಿ? ಗಿಡಾ ಹತ್ತಿ ಹರಕೊಂಡ ಬಂದೀರೇನು?" ಎಂದು ಕೂಗಿದಳು.

ಸಂಜೆ ನೀವು ಶಾಲೆಗೆ ಹೊರಟಾಗ ಬೂಟು ಮರೆಯಬೇಡಿ. ರಿಬ್ಬನ್ ಹೊಲಿದು ಕಪಾಟಿನಲ್ಲಿಟ್ಟಿದ್ದೇನೆ.